ಊರೆಲ್ಲ ಸೇರಿ ಸುಡುವ ಸುಗ್ಗಿಯ ರೊಟ್ಟಿ

ಸುಗ್ಗಿ ಎಂದ ಕೂಡಲೆ ನಮ್ಮ ಕಣ್ಣಮುಂದೆ ಬರುವುದು ಸಂಕ್ರಾಂತಿ, ಎಳ್ಳು-ಬೆಲ್ಲ, ಕಣದ ರಾಶಿ. ಜರ್ಮನಿಯ ಹಳ್ಳಿಗಳಲ್ಲಿ ಸುಗ್ಗಿಯ ಸಡಗರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಿನದು. ಗೋಧಿ ಆಗಲೇ ಕಣಜ ಸೇರಿರುತ್ತದೆ. ಸೇಬು, ದ್ರಾಕ್ಷಿ, ಆಲೂಗೆಡ್ಡೆ, ಕುಂಬಳ ಒಂದರ ಹಿಂದೆ ಒಂದು ಮನೆಗೆ ಬರುತ್ತವೆ. ಮುಂದೆ ಕಾದಿರುವುದು ನಾಲ್ಕೈದು ತಿಂಗಳ ಚಳಿಗಾಲ. ಹಿಂದಿನ ಕಾಲದಲ್ಲಿ ಮನೆಯೊಡತಿ ಆಗ ಕೂಡಿಟ್ಟಿದ್ದೇ ಮನೆಮಂದಿಗೆ ಗತಿ. ಹಾಗಾಗಿ ಈ ಹಬ್ಬದಲ್ಲಿ ಸಂತೋಷ ಎಷ್ಟೋ, ನಿಟ್ಟುಸಿರೂ ಅಷ್ಟೇ!

ಅಕ್ಟೋಬರ್ ಮೊದಲ ಭಾನುವಾರ ಹೆಚ್ಚಿನ ಚರ್ಚುಗಳಲ್ಲಿ 'ಎರ್ನ್ಟೆಡಾಂಕ್', ಅಂದರೆ ಬೆಳೆಗೆ ಕೃತಜ್ಞತೆ ಹೇಳುವ ಹಬ್ಬ. ದೇವರ ಮುಂದೆ ತೆನೆ, ಹಣ್ಣು, ತರಕಾರಿ, ಬ್ರೆಡ್ಡು ಜೋಡಿಸುತ್ತಾರೆ. ತೆನೆಗಳನ್ನು ಹೆಣೆದು ಕಿರೀಟ ಮಾಡಿ ಇಡುವುದೂ ಉಂಟು. ಎಷ್ಟೋ ಕಡೆ ಆಮೇಲೆ ಆ ಪದಾರ್ಥಗಳನ್ನು ಇಲ್ಲದವರಿಗೆ ಹಂಚಿಬಿಡುತ್ತಾರೆ.

ಕಿತ್ತು ತಂದು ಕಟ್ಟಿದ ಊರು

ದಕ್ಷಿಣ ಜರ್ಮನಿಯ ಶ್ವೇಬಿಷ್ ಹಾಲ್ ಪಟ್ಟಣದ ಮಗ್ಗುಲಲ್ಲೇ ವಾಕರ್ಸ್‌ಹೋಫೆನ್ ಎಂಬ ಹಳ್ಳಿಯಿದೆ. ಅಲ್ಲಿನ ಬಯಲು ವಸ್ತುಸಂಗ್ರಹಾಲಯ 1983ರಲ್ಲಿ ತೆರೆಯಿತು. ಸುತ್ತಲ ಊರುಗಳಲ್ಲಿ ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಇಲ್ಲಿ ಮತ್ತೆ ಹಾಗೆಯೇ ನಿಲ್ಲಿಸಿದ್ದಾರೆ. ಈಗ ಸುಮಾರು 70 ಕಟ್ಟಡಗಳಿವೆ. ಸಾಹುಕಾರನ ತೊಟ್ಟಿಯೂ ಇದೆ, ಕೂಲಿಯವನ ಗೂಡಿನಂಥ ಮನೆಯೂ ಇದೆ. ಒಂದರಿಂದ ಇನ್ನೊಂದಕ್ಕೆ ಹೋದರೆ ಬಡತನ ಎಂದರೇನೆಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಇಲ್ಲಿ 'ಬಾಕ್‌ಓಫೆನ್‌ಫೆಸ್ಟ್', ಎಂದರೆ ಭಟ್ಟಿ ಹಬ್ಬ. ಅಜ್ಜಿ, ಮೊಮ್ಮಕ್ಕಳು, ಮಗುವಿನ ಗಾಡಿ ತಳ್ಳುವ ಅಪ್ಪಂದಿರು, ಎಲ್ಲರೂ ಬರುತ್ತಾರೆ. ಸೌದೆ ಭಟ್ಟಿಗಳಿಂದ ಬಿಸಿಬಿಸಿ 'ಬ್ಲೋಟ್ಸ್' ಹೊರಗೆ ಬರುತ್ತದೆ. ಇದು ತೆಳ್ಳಗೆ ತಟ್ಟಿದ ಹಿಟ್ಟಿನ ಮೇಲೆ ಈರುಳ್ಳಿಯನ್ನೋ ಸೇಬನ್ನೋ ಹರಡಿ ಸುಟ್ಟ ರೊಟ್ಟಿ.

ಇದರ ಹಿಂದೆ ಹೆಂಗಸರ ಜಾಣತನವಿದೆ. ಬೆಂಕಿ ಅನಾಹುತ ತಪ್ಪಿಸಲು, ಸೌದೆ ಉಳಿಸಲು, 19ನೇ ಶತಮಾನದಲ್ಲಿ ಊರಿಗೊಂದು ಸಾರ್ವಜನಿಕ ಭಟ್ಟಿಮನೆ ಬಂತು. ಮನೆಮನೆಯವರು ಸರದಿಯ ಮೇಲೆ ಬ್ರೆಡ್ ಸುಡಬೇಕು. ಮೊದಲ ಸರದಿಯವಳಿಗೆ ತಣ್ಣಗಿನ ಭಟ್ಟಿ ಕಾಯಿಸುವ ನಷ್ಟ, ಸೌದೆ ಹೆಚ್ಚು ಬೇಕು! ಜಗಳ ಬೇಡವೆಂದು ಎಷ್ಟೋ ಊರುಗಳಲ್ಲಿ ಚೀಟಿ ಎತ್ತುತ್ತಿದ್ದರು. ಕೆಂಡ ಎಳೆದು, ಒದ್ದೆ ಬಟ್ಟೆಯಿಂದ ಒಳಗೆ ಒರೆಸಿ, ಶಾಖ ನೋಡಲು ಮೊದಲು ತೆಳ್ಳನೆಯ ರೊಟ್ಟಿ ಹಾಕುತ್ತಿದ್ದರು. ನಾವು ಮೊದಲ ದೋಸೆ ಹುಯ್ದು ಕಾವಲಿ ನೋಡುವುದಿಲ್ಲವೇ, ಹಾಗೆ.

ಹಸಿವಿನಿಂದ ಹುಟ್ಟಿದ ಹಬ್ಬ

ಈ ಪ್ರದೇಶಕ್ಕೆ ಅನ್ನದ ಬೆಲೆ ಗೊತ್ತು. 1815ರಲ್ಲಿ ದೂರದ ಇಂಡೋನೇಷ್ಯದ ತಾಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಮತ್ತು ಗಂಧಕದ ಅನಿಲ ಆಕಾಶಕ್ಕೇರಿ ಬಿಸಿಲಿಗೆ ಅಡ್ಡ ನಿಂತು, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು. ಜನ ಹಿಟ್ಟಿಗೆ ಮರದ ಪುಡಿ ಬೆರೆಸಿ ತಿಂದರು. 1817ರಲ್ಲಿ ಮೊದಲ ಪೈರಿನ ಗಾಡಿ ಊರಿಗೆ ಬಂದಾಗ ಅದಕ್ಕೆ ಹೂ ಮುಡಿಸಿ ಎದುರುಗೊಂಡರಂತೆ.

ಆಗ ವ್ಯುರ್ಟೆಂಬರ್ಗ್ ರಾಣಿಯಾಗಿದ್ದವಳು ಕ್ಯಾಥರೀನಾ, ರಷ್ಯದ ಚಕ್ರವರ್ತಿಯ ಮಗಳು. ಬಡವರ ನೆರವಿಗೆ ಸಂಘ ಕಟ್ಟಿಸಿದಳು. ಕೂಲಿಯವರೂ ನಾಲ್ಕು ಕಾಸು ಕೂಡಿಡಲೆಂದು ಉಳಿತಾಯದ ಬ್ಯಾಂಕು ತೆರೆಸಿದಳು. 1818ರಲ್ಲಿ ರಾಜದಂಪತಿಗಳು ರೈತರಿಗಾಗಿ ಕಾನ್‌ಷ್ಟಾಟ್‌ನಲ್ಲಿ ಜಾತ್ರೆ ಆರಂಭಿಸಿದರು. ಮುಂದಿನ ಜನವರಿಯಲ್ಲೇ ರಾಣಿ ತೀರಿಕೊಂಡಳು, ಬರಿಯ ಮೂವತ್ತು ವರ್ಷಕ್ಕೆ! ಸ್ಟುಟ್‌ಗಾರ್ಟ್‌ನ ಆ ಜಾತ್ರೆ ಇಂದಿಗೂ ನಡೆಯುತ್ತದೆ. ಹಣ್ಣು, ತೆನೆಗಳಿಂದ ಅಲಂಕರಿಸಿದ ಎತ್ತರದ ಕಂಬವೇ ಅದರ ಗುರುತು.

ನಮಗೂ ಈ ಸೀಮೆಗೂ ಒಂದು ನಂಟಿದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಇದೇ ವ್ಯುರ್ಟೆಂಬರ್ಗಿನ ದ್ರಾಕ್ಷಿ ಬೆಳೆಯುವ ಊರು ಬ್ರಾಕೆನ್‌ಹೈಮ್‌ನಲ್ಲಿ. ಹಸಿವಿನ ವರ್ಷದಲ್ಲಿ ಅವರು ಐದು ವರ್ಷದ ಹುಡುಗ.

ನಿಮ್ಮ ಮಗನೋ ಮಗಳೋ ಸ್ಟುಟ್‌ಗಾರ್ಟ್ ಕಡೆ ಇದ್ದು, ನೀವು ಹೋಗುವ ಯೋಗ ಬಂದರೆ, ವಾಕರ್ಸ್‌ಹೋಫೆನ್‌ಗೆ ಒಂದು ದಿನ ಇಟ್ಟುಕೊಳ್ಳಿ. ವಸ್ತುಸಂಗ್ರಹಾಲಯದ ಹತ್ತಿರವೇ ರೈಲು ನಿಲ್ಲುತ್ತದೆ. ಸ್ವೆಟರ್ ಮರೆಯಬೇಡಿ. ಮಾಂಸ ತಿನ್ನದವರು ಕೇಳಿಯೇ ತೆಗೆದುಕೊಳ್ಳಿ. ಈರುಳ್ಳಿ ರೊಟ್ಟಿಗೆ ಹಂದಿಮಾಂಸದ ಚೂರು ಹಾಕುವುದುಂಟು.

ಮನೆಯಲ್ಲೇ ಈರುಳ್ಳಿ ಬ್ಲೋಟ್ಸ್ (ನಮ್ಮ ರುಚಿಗೆ)

ಬೇಕಾಗುವ ಸಾಮಾನು: ಮೈದಾ 250 ಗ್ರಾಂ, ಒಣ ಯೀಸ್ಟ್ 1 ಟೀ ಚಮಚ, ಸಕ್ಕರೆ ಅರ್ಧ ಚಮಚ, ಎಣ್ಣೆ 2 ದೊಡ್ಡ ಚಮಚ, ಈರುಳ್ಳಿ 4, ಬೆಣ್ಣೆ 1 ದೊಡ್ಡ ಚಮಚ, ನೀರು ಬಸಿದ ಗಟ್ಟಿ ಮೊಸರು 1 ಬಟ್ಟಲು, ಕಾರ್ನ್‌ಫ್ಲೋರ್ 1 ದೊಡ್ಡ ಚಮಚ, ಜೀರಿಗೆ, ಉಪ್ಪು.

ವಿಧಾನ: ಉಗುರುಬೆಚ್ಚಗಿನ ನೀರಿನಲ್ಲಿ ಯೀಸ್ಟ್, ಸಕ್ಕರೆ ಕದಡಿ ಹತ್ತು ನಿಮಿಷ ಬಿಡಿ. ಇದಕ್ಕೆ ಮೈದಾ, ಎಣ್ಣೆ, ಉಪ್ಪು ಸೇರಿಸಿ ಮೆತ್ತಗೆ ನಾದಿ, ಎರಡರಷ್ಟಾಗುವವರೆಗೆ ಮುಚ್ಚಿಡಿ. ಉದ್ದುದ್ದ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಕೆಂಪಾಗುವುದು ಬೇಡ. ಆರಿದ ಮೇಲೆ ಮೊಸರು, ಕಾರ್ನ್‌ಫ್ಲೋರ್, ಜೀರಿಗೆ, ಉಪ್ಪು ಬೆರೆಸಿ. ಎಣ್ಣೆ ಸವರಿದ ತಟ್ಟೆಯಲ್ಲಿ ಹಿಟ್ಟನ್ನು ತೆಳ್ಳಗೆ ತಟ್ಟಿ, ಮಿಶ್ರಣ ಹರಡಿ, 200 ಡಿಗ್ರಿ ಶಾಖದ ಒವನ್‌ನಲ್ಲಿ 25 ನಿಮಿಷ ಬೇಯಿಸಿ. ಒವನ್ ಇಲ್ಲವೇ? ಚಿಂತೆ ಬೇಡ. ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ತಳ ಹೊಂಬಣ್ಣ ಬರುವವರೆಗೆ ಬೇಯಿಸಿದರಾಯಿತು. ಬಿಸಿಯಾಗಿರುವಾಗಲೇ ಕತ್ತರಿಸಿ ಎಲ್ಲರಿಗೂ ಹಂಚಿ. ಪಕ್ಕದ ಮನೆಗೂ ಒಂದು ತುಂಡು ಹೋಗಲಿ!