ರಂಗಸ್ಥಳದ ನಿಸ್ತಂತು ಮೈಕು

ಶಾಲೆಯ ವಾರ್ಷಿಕೋತ್ಸವವಿರಲಿ, ಊರ ಗಣೇಶೋತ್ಸವದ ನಾಟಕವಿರಲಿ, ಈಗ ಅನೇಕ ಕಡೆಗಳಲ್ಲಿ ರಂಗದ ಮೇಲೆ ಮೈಕಿನ ಕಂಬಗಳು ಕಾಣುವುದಿಲ್ಲ. ಪಾತ್ರಧಾರಿಯ ಕೆನ್ನೆಯ ಬಳಿ ಅವರೆಕಾಳಿಗಿಂತ ಚಿಕ್ಕದೊಂದು ಮೈಕು, ಸೊಂಟದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ, ಸಭಾಂಗಣದ ಹಿಂಬದಿಯಲ್ಲಿ ದೀಪಗಳು ಮಿನುಗುವ ಡಿಜಿಟಲ್ ಮಿಕ್ಸರ್: ಇಷ್ಟೇ ಸಲಕರಣೆ. ಮಕ್ಕಳು ಕುಣಿಯುತ್ತ ಓಡುತ್ತ ಮಾತನಾಡಬಹುದು. ಎಡವಿ ಬೀಳಲು ತಂತಿಯಿಲ್ಲ. ಅನುಕೂಲವು ದೊಡ್ಡದು. ಆದರೆ ಜೋಡಿಸುವ ಕ್ರಮವನ್ನರಿಯದಿದ್ದರೆ ಆಗುವ ಅನರ್ಥವೂ ಚಿಕ್ಕದಲ್ಲ.

ಕೆಲವು ವರ್ಷಗಳ ಹಿಂದೆ ನಾನು ಮಕ್ಕಳಿಂದ ಪುಣ್ಯಕೋಟಿಯ ಕಥೆಯನ್ನು ನಾಟಕವಾಗಿ ಆಡಿಸಿದೆ. ಹಸುವಿನ ಪಾತ್ರದ ಬಾಲಕಿ ಎರಡು ತಿಂಗಳು ಅಭ್ಯಾಸ ಮಾಡಿದ್ದಳು. ಮೆಲುದನಿಯ ಮಾತುಗಳೆಲ್ಲ ಸೊಗಸಾಗಿಯೇ ಕೇಳಿಸಿದುವು. ಆದರೆ ಕರುವನ್ನು ಬೀಳ್ಕೊಡುವಾಗ ಆಕೆ ದನಿಯೆತ್ತಿದಳು ನೋಡಿ, ಧ್ವನಿವರ್ಧಕದಿಂದ ಹೊರಟುದು ಬಿರುಕುಬಿಟ್ಟ ಮಡಕೆಯ ಸದ್ದು! ಮಿಕ್ಸರಿನ ಬಳಿಯಿದ್ದವರು ಗಾಬರಿಯಿಂದ ಫೇಡರನ್ನು ಕೆಳಗೆಳೆದರು. ಸದ್ದು ತಗ್ಗಿತು, ಬಿರುಕು ಹೋಗಲಿಲ್ಲ. ಸಭೆಯಲ್ಲಿ ನಗೆಯೆದ್ದಿತು. ಪರದೆ ಬಿದ್ದ ಮೇಲೆ ಆ ಮಗು, "ಸಾರ್, ನನ್ನ ಗಂಟಲೇ ಒಡೆದಿತ್ತೇ?" ಎಂದು ಕೇಳಿದಳು. ಇಲ್ಲವೆಂದೆ. ಒಡೆದುದು ಎಲ್ಲಿ ಎಂಬುದಕ್ಕೆ ಮಾತ್ರ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಕೈಯಾರೆ ಮಾಡಿ ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ರೇಡಿಯೋ ಕೇಳುವ ಮನೆಯವರಿಗೆ ಇದರಲ್ಲಿ ಅರ್ಧ ಪಾಠ ಮೊದಲೇ ಗೊತ್ತಿದೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನಾರಂಭಿಸಿದಾಗ ನಡೆದ ಕಾರ್ಯವೇ ರಂಗಸ್ಥಳದಲ್ಲಿ ಕಿರಿದಾಗಿ ನಡೆಯುತ್ತದೆ. ಸೊಂಟದ ಪೆಟ್ಟಿಗೆಯು ಒಂದು ಪುಟ್ಟ ಪ್ರಸಾರಕೇಂದ್ರ, ಅಂದರೆ ಟ್ರಾನ್ಸ್‌ಮಿಟರ್. ಅದರ ಅಲೆಯನ್ನು ಹಿಡಿಯುವ ರಿಸೀವರು ಒಂದು ರೇಡಿಯೋ. ಎರಡೂ ಒಂದೇ ಕಂಪನಾಂಕದಲ್ಲಿರಬೇಕು. ಹತ್ತು ಮೈಕುಗಳಿದ್ದರೆ ಹತ್ತು ಕೇಂದ್ರಗಳು, ಹತ್ತು ಕಂಪನಾಂಕಗಳು.

ಮೊದಲು ಸಭಾಂಗಣದ ದೀಪಗಳನ್ನೂ ಇತರ ಯಂತ್ರಗಳನ್ನೂ ಹಾಕಿ, ನಮ್ಮ ಟ್ರಾನ್ಸ್‌ಮಿಟರುಗಳನ್ನು ಮಾತ್ರ ಆರಿಸಿ, ರಿಸೀವರಿನಿಂದ ಗಾಳಿಯಲ್ಲಿ ಬಿಡುವಾಗಿರುವ ಕಂಪನಾಂಕಗಳನ್ನು ಹುಡುಕಿಸಬೇಕು. ಆರಿಸಿಕೊಳ್ಳುವಾಗ ಒಂದು ಎಚ್ಚರ. 600, 601, 602 ಮೆಗಾಹರ್ಟ್ಸ್ ಎಂದು ಸಮ ಅಂತರದಲ್ಲಿ ಇಡುವುದು ಕಣ್ಣಿಗೆ ಅಂದ, ಕಿವಿಗೆ ಕುತ್ತು. ಎರಡು ಅಲೆಗಳು ಯಂತ್ರದೊಳಗೆ ಬೆರೆತಾಗ ಮೂರನೆಯದೊಂದು ಹುಟ್ಟುತ್ತದೆ: 601ರ ಇಮ್ಮಡಿಯಿಂದ 600ನ್ನು ಕಳೆದರೆ 602. ಮೂರನೆಯ ಮೈಕಿನ ನೆಲೆಯ ಮೇಲೆಯೇ ಆ ಪಿಶಾಚಿ ಕುಳಿತಿತು! ಆದುದರಿಂದ ತಯಾರಕರು ಲೆಕ್ಕಹಾಕಿ ಕೊಟ್ಟಿರುವ ಗುಂಪುಗಳಿಂದಲೇ ಕಂಪನಾಂಕಗಳನ್ನು ತೆಗೆದುಕೊಳ್ಳುವುದು ಕ್ಷೇಮ. ಯಾವ ಕಂಪನಾಂಕಗಳಿಗೆ ಸರಕಾರದ ಅನುಮತಿಯಿದೆಯೆಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು.

600 ಮೆಗಾಹರ್ಟ್ಸಿನ ಅಲೆಯ ಉದ್ದ ಅರ್ಧ ಮೀಟರು. ನೀರಿನಂಶವೇ ಹೆಚ್ಚಾಗಿರುವ ಮನುಷ್ಯ ಶರೀರವು ಈ ಅಲೆಯನ್ನು ಬಹುಮಟ್ಟಿಗೆ ಹೀರಿಬಿಡುತ್ತದೆ. ರಿಸೀವರನ್ನು ಜನರ ಹಿಂದೆ ನೆಲದ ಮೇಲಿಟ್ಟರೆ ಮಾತು ನಡುನಡುವೆ ಕಡಿಯುವುದು ಈ ಕಾರಣದಿಂದಲೇ. ಅದನ್ನು ರಂಗದ ಪಕ್ಕದಲ್ಲಿ, ಆಂಟೆನಾಗಳು ತಲೆಗಳಿಗಿಂತ ಮೇಲಿದ್ದು ಪಾತ್ರಧಾರಿಗಳಿಗೆ ನೇರವಾಗಿ ಕಾಣುವಂತೆ ಇಡಬೇಕು. ಅಲ್ಲಿಂದ ಮಿಕ್ಸರಿಗೆ ತಂತಿ ಎಳೆಯುವುದು ಸುಲಭ. ಹಾಗೆ ಜೋಡಿಸುವ ಚಾನಲಿನಲ್ಲಿ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಆರಿರಲಿ. ರಿಸೀವರಿಗೆ ಅದರ ಅಗತ್ಯವಿಲ್ಲ.

ಇನ್ನು ಪುಣ್ಯಕೋಟಿಯ ದನಿ ಒಡೆದ ಸಂಗತಿ. ದನಿಯ ಪ್ರಮಾಣವನ್ನು ತಿದ್ದುವ ಸ್ಥಾನಗಳು ಮುಖ್ಯವಾಗಿ ಮೂರು: ಟ್ರಾನ್ಸ್‌ಮಿಟರಿನಲ್ಲಿ ಒಂದು, ಮಿಕ್ಸರಿನ ಪ್ರವೇಶದ್ವಾರದಲ್ಲಿರುವ ಗೇನ್ ಒಂದು, ಕೊನೆಯದು ಫೇಡರ್. ದನಿಯು ಈ ಕ್ರಮದಲ್ಲಿಯೇ ಹರಿದುಬರುತ್ತದೆ. ಡಿಜಿಟಲ್ ಮಿಕ್ಸರು ಗೇನನ್ನು ದಾಟಿದ ದನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ಸಲ ಅಳೆದು ಅಂಕಿಗಳನ್ನಾಗಿ ಬರೆದುಕೊಳ್ಳುತ್ತದೆ. ಆ ಅಳತೆಗೋಲಿನ ತುತ್ತತುದಿಯೇ ಸೊನ್ನೆ ಡೆಸಿಬೆಲ್. ಅದರಿಂದ ಮೇಲಕ್ಕೆ ಬರೆಯಲು ಅಂಕಿಯೇ ಇಲ್ಲ. ದನಿ ಅದನ್ನು ಮೀರಿದರೆ ಅಲೆಯ ನೆತ್ತಿಯು ಕತ್ತರಿಸಿಹೋಗುತ್ತದೆ. ಕತ್ತರಿಸಿದುದನ್ನು ಫೇಡರ್ ಸಣ್ಣದು ಮಾಡಬಲ್ಲುದೇ ಹೊರತು ಕೂಡಿಸಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಷ್ಟೆ.

ಆದಕಾರಣ ಪ್ರಮಾಣವನ್ನು ಮೂಲದಿಂದಲೇ ತಿದ್ದಿಕೊಂಡು ಬರಬೇಕು. ಪಾತ್ರಧಾರಿಯಿಂದ ನಾಟಕದ ಅತ್ಯಂತ ಜೋರಿನ ಮಾತನ್ನು ಆಡಿಸಿ. "ಹಲೋ, ಒಂದು, ಎರಡು" ಎಂದು ಪಿಸುಗುಟ್ಟಿಸಿದರೆ ಪ್ರಯೋಜನವಿಲ್ಲ. ಆ ಮಾತಿಗೆ ಟ್ರಾನ್ಸ್‌ಮಿಟರಿನ ಕೆಂಪು ದೀಪ ಹತ್ತದಂತೆ ಅಲ್ಲಿಯ ಪ್ರಮಾಣವನ್ನು ಹೊಂದಿಸಿ. ಬಳಿಕ ಮಿಕ್ಸರಿನ ಗೇನನ್ನು, ಸಾಧಾರಣ ಮಾತು ಮಾಪಕದಲ್ಲಿ ಸೊನ್ನೆಗಿಂತ ಸುಮಾರು 18 ಡೆಸಿಬೆಲ್ ಕೆಳಗೆ ಆಡುವಂತೆ ಇಡಿ. ಮೇಲಿನ ಜಾಗ ವ್ಯರ್ಥವೆಂದು ತಿಳಿಯಬಾರದು. ಕೂಗು, ಅಳು, ಅಟ್ಟಹಾಸಗಳಿಗಾಗಿ ಬಿಟ್ಟ ಅಂಗಳವದು. ನಮ್ಮ ನಾಟಕದಲ್ಲಿ ಆ ಅಂಗಳವನ್ನೇ ಬಿಟ್ಟಿರಲಿಲ್ಲ. ಮೆಲುಮಾತು ಚೆನ್ನಾಗಿ ಕೇಳಲೆಂದು ಗೇನನ್ನು ಏರಿಸಿಬಿಟ್ಟಿದ್ದರು.

ಬಟ್ಟೆಯ ಗರಗರ, ಹೆಜ್ಜೆಯ ಧಡಧಡಗಳನ್ನು ತಡೆಯಲು 100 ಹರ್ಟ್ಸಿನ ಆಸುಪಾಸಿನಿಂದ ಕೆಳಗಿನ ಸ್ವರಗಳನ್ನು ಸೋಸುವ ಗುಂಡಿ ಮಿಕ್ಸರಿನಲ್ಲಿಯೇ ಇರುತ್ತದೆ. ಧ್ವನಿವರ್ಧಕಗಳು ಮೈಕುಗಳಿಗಿಂತ ಮುಂದೆ, ಸಭಿಕರತ್ತ ಮುಖಮಾಡಿರಲಿ; ಅವುಗಳ ಸದ್ದು ಮತ್ತೆ ಮೈಕನ್ನು ಹೊಕ್ಕರೆ "ಕುಯ್ಯೋ" ಎಂಬ ಕೂಗು ಏಳುವುದು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಈ ಕೂಗಿಲ್ಲದೆ ಸಿಗುವ ದನಿಯು 3 ಡೆಸಿಬೆಲಿನಷ್ಟು ಕುಗ್ಗುತ್ತದೆ. ಮಾತಿಲ್ಲದವನ ಮೈಕನ್ನು ಮುಚ್ಚಿಡಬೇಕೆನ್ನುವುದು ಇದಕ್ಕೇ. ಯಾವ ದೃಶ್ಯದಲ್ಲಿ ಯಾರ ಮೈಕು ತೆರೆದಿರಬೇಕೆಂಬುದನ್ನು ಡಿಜಿಟಲ್ ಮಿಕ್ಸರು ನೆನಪಿನಲ್ಲಿಟ್ಟುಕೊಂಡು, ಗುಂಡಿಯೊತ್ತಿದರೆ ಒಪ್ಪಿಸುತ್ತದೆ. ಇಷ್ಟಾದರೂ ಹಳೆಯ ಬ್ಯಾಟರಿಯೊಂದು ಎಲ್ಲವನ್ನೂ ಕೆಡಿಸಬಲ್ಲುದು. ಪ್ರತಿ ಪ್ರದರ್ಶನಕ್ಕೂ ಹೊಸದನ್ನು ಹಾಕಿ, ಅಥವಾ ಪೂರ್ತಿ ಚಾರ್ಜಾದುದನ್ನು.

ಮರುವರ್ಷ ಅದೇ ನಾಟಕವನ್ನೇ ಆಡಿಸಿದೆವು. ಹಿಂದಿನ ದಿನವೇ ಆ ಬಾಲಕಿಯನ್ನು ರಂಗದ ಮೇಲೆ ನಿಲ್ಲಿಸಿ, ಬೀಳ್ಕೊಡುಗೆಯ ಮಾತನ್ನು ಪೂರ್ಣಕಂಠದಿಂದ ಆಡಿಸಿ, ಗೇನನ್ನು ಹೊಂದಿಸಿದೆವು. ಪ್ರದರ್ಶನದಲ್ಲಿ ಆಕೆ ದನಿಯೆತ್ತಿದಾಗ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆಕೆಯ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು.