ಫಿಲ್ಮಿಲ್ಲದ ಪಾಠಶಾಲೆ

1919ರಲ್ಲಿ ಸ್ಥಾಪಿತವಾದ ಮಾಸ್ಕೋ ನಗರದ ಚಲಚ್ಚಿತ್ರ ವಿದ್ಯಾಲಯದಲ್ಲಿ ಉಪಾಧ್ಯಾಯರಿದ್ದರು, ವಿದ್ಯಾರ್ಥಿಗಳಿದ್ದರು. ಅಂತರ್ಯುದ್ಧದ ದೆಸೆಯಿಂದ ಫಿಲ್ಮು ಮಾತ್ರ ದುರ್ಲಭವಾಗಿದ್ದಿತು. ಅಲ್ಲಿಯ ತರುಣ ಉಪಾಧ್ಯಾಯನಾದ ಲೆವ್ ಕುಲೆಷೋವನು ಫಿಲ್ಮಿಲ್ಲದ ಚಿತ್ರಗಳನ್ನು ಶಿಷ್ಯರಿಂದ ರಂಗದ ಮೇಲೆ ಆಡಿಸಿದನು. ಹಳೆಯ ತುಣುಕುಗಳನ್ನು ಬೇರೆ ಕ್ರಮದಲ್ಲಿ ಜೋಡಿಸುವುದನ್ನು ಕಲಿಸಿದನು.

ಈ ಜೋಡಣೆಗಳಲ್ಲೊಂದು ಜಗತ್ಪ್ರಸಿದ್ಧ. ನಟ ಮೊಜುಖಿನನ ನಿರ್ವಿಕಾರವಾದ ಮುಖದ ಒಂದೇ ಚಿತ್ರಿಕೆಯನ್ನು ಸೂಪಿನ ತಟ್ಟೆ, ಶವಪೆಟ್ಟಿಗೆಯಲ್ಲಿನ ಹೆಂಗಸು, ಆಟವಾಡುವ ಬಾಲಿಕೆ ಇವುಗಳ ಪಕ್ಕದಲ್ಲಿರಿಸಲು, ಪ್ರೇಕ್ಷಕರು ಅದರಲ್ಲಿ ಚಿಂತೆ, ಶೋಕ, ಸಂತೋಷಗಳನ್ನು ಕಂಡು ನಟನನ್ನೇ ಕೊಂಡಾಡಿದರೆಂದು ಶಿಷ್ಯನಾದ ಪುಡೋವ್ಕಿನನು ಬರೆದಿದ್ದಾನೆ. (ಗುರುವಿನ ಸ್ಮರಣೆಯಲ್ಲಿ ವಿವರಗಳು ಭಿನ್ನ, ಚಿತ್ರವಂತೂ ಉಳಿದಿಲ್ಲ.)

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅನುಭಾವವೇ ಇಲ್ಲ, ಇರುವುದು ವಿಭಾವವೊಂದೇ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳಲ್ಲಿ ಒಂದೇ ಉಕ್ತವಾದರೂ, ಅದು ಅಸಾಧಾರಣವಾಗಿದ್ದರೆ, ಉಳಿದೆರಡು ಆಕ್ಷೇಪದಿಂದ ಒದಗುವುವೆಂದು ಮಮ್ಮಟನು ಹೇಳಿರುವುದಷ್ಟೆ. ಶವಪೆಟ್ಟಿಗೆಯು ಆ ಅಸಾಧಾರಣ ವಿಭಾವ. ಮುಖದಲ್ಲಿಲ್ಲದ ಕಣ್ಣೀರನ್ನು ಪ್ರೇಕ್ಷಕನೇ ತುಂಬಿಕೊಳ್ಳುತ್ತಾನೆ. ಸೂಪಿನ ತಟ್ಟೆಗೆ ಅಷ್ಟು ಬಲವಿಲ್ಲ. ಅದನ್ನು ಕಂಡವರು ಹಸಿವನ್ನು ಓದಿದರೆಂದೂ ಹೇಳುವುದುಂಟು.

ಇಂದು ಕಾಲೇಜುಗಳಲ್ಲಿ ವಿಡಿಯೋ ಯಂತ್ರಕ್ಕೆ ಕೊರತೆಯಿಲ್ಲ. ಆದರೆ ಯಂತ್ರವನ್ನು ಒಬ್ಬರು, ಸೌಂದರ್ಯಮೀಮಾಂಸೆಯನ್ನು ಇನ್ನೊಬ್ಬರು ಬೇರೆ ಬೇರೆ ಕೊಠಡಿಗಳಲ್ಲಿ ಬೋಧಿಸುವಲ್ಲಿ ಈ ಪ್ರಯೋಗವು ಬರಿಯ ಕೈಚಳಕವಾಗಿ ಉಳಿಯುತ್ತದೆ. ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸವನ್ನು ಪಾಠಹೇಳುವ ಅಧ್ಯಾಪಕನು ಸಂಕಲನದ ಮೇಜಿನ ಬಳಿ ಪರಕೀಯನಲ್ಲ.