ಏಳು ಅಂಕ, ಟಚ್‌ಡೌನ್ ಮಾತ್ರ ಇಲ್ಲ

2022ರ ಸೆಪ್ಟೆಂಬರ್ 3ರಂದು ಅಯೋವಾ ಸಿಟಿಯ ಕಿನ್ನಿಕ್ ಸ್ಟೇಡಿಯಂನಲ್ಲಿ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೌತ್ ಡಕೋಟಾ ಸ್ಟೇಟ್ ತಂಡವನ್ನು 7–3ರಿಂದ ಸೋಲಿಸಿತು. ಅಮೆರಿಕನ್ ಫುಟ್‌ಬಾಲ್ ಅಲ್ಪಸ್ವಲ್ಪ ಬಲ್ಲವರು 7 ನೋಡಿದ ಕೂಡಲೇ ಲೆಕ್ಕ ಹಾಕಿಬಿಡುತ್ತಾರೆ: ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನಿಗೆ 6, ಅದರ ಬೆನ್ನಿಗೆ ಒದೆಯುವ ಕಿಕ್ಕಿಗೆ 1. ನಾನೂ ಹಾಗೇ ಅಂದುಕೊಂಡಿದ್ದೆ. ಸೀಡರ್ ರಾಪಿಡ್ಸ್‌ನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗ ಫೋನಿನಲ್ಲಿ ನಕ್ಕ. "ಮಾವ, ಆ ಏಳನ್ನ ಒಮ್ಮೆ ಬಿಡಿಸಿ ನೋಡಿ."

ಬಿಡಿಸಿದೆ. ಕಂಬಗಳ ನಡುವೆ ಚೆಂಡು ಒದ್ದ ಒಂದು ಫೀಲ್ಡ್ ಗೋಲ್, 3 ಅಂಕ. ಉಳಿದದ್ದು ಎರಡು ಸೇಫ್ಟಿ, ತಲಾ 2. ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಗೋಲ್ ಗೆರೆಯ ಹಿಂದೆ ಕೆಡವಿದರೆ ಸಿಗುವ ಅಂಕ ಅದು. ಅದನ್ನು ದುಡಿದು ತರುವುದು ತಂಡದ ರಕ್ಷಣಾ ಪಡೆ. ಅಂದರೆ ಅರವತ್ತು ನಿಮಿಷದ ಆಟದಲ್ಲಿ ಅಯೋವಾದ ಆಕ್ರಮಣ ಪಡೆಯ ಸ್ವಂತ ಸಂಪಾದನೆ ಬರೀ 3. ಎದುರಿಗಿದ್ದದ್ದಾದರೂ ಒಂದು ಮೆಟ್ಟಿಲು ಕೆಳಗಿನ ವಿಭಾಗದ ತಂಡ.

ಆ ಆಕ್ರಮಣದ ಕೇಂದ್ರದಲ್ಲಿದ್ದವನು ಕ್ವಾರ್ಟರ್‌ಬ್ಯಾಕ್ ಸ್ಪೆನ್ಸರ್ ಪೆಟ್ರಸ್. ಅಂದು ಎಸೆದದ್ದು 25 ಪಾಸ್, ಸಹ ಆಟಗಾರರ ಕೈಸೇರಿದ್ದು 11, ಗಳಿಸಿದ್ದು 109 ಗಜ, ಎದುರಾಳಿ ಕಸಿದದ್ದು 1. ಮೊದಲ ಕಾಲುಭಾಗ ಮುಗಿದಾಗ ಪಕ್ಕದ ಮಕ್ಕಳ ಆಸ್ಪತ್ರೆಯ ಕಿಟಕಿಗಳತ್ತ ತಿರುಗಿ ಸುಮಾರು 69,000 ಜನ ಒಟ್ಟಿಗೆ ಕೈಬೀಸುವುದು 2017ರಿಂದ ಈ ಸ್ಟೇಡಿಯಂನ ಪದ್ಧತಿ. ಕಣ್ಣು ತುಂಬಿಸುವ ದೃಶ್ಯ. ಅದೇ ಜನ ಸ್ವಲ್ಪ ಹೊತ್ತಿನಲ್ಲೇ ತಮ್ಮ ಹುಡುಗರಿಗೇ 'ಬೂ' ಹಾಕಿದರು. ಮರುವಾರ ಅಯೋವಾ ಸ್ಟೇಟ್ ಎದುರು 10–7ರ ಸೋಲು. ಪೆಟ್ರಸ್ 26ರಲ್ಲಿ 12, 92 ಗಜ. ಇಡೀ ರಾಜ್ಯದ ಬಾಯಲ್ಲಿ ಒಂದೇ ಮಾತು: ಇವನನ್ನು ಕೂರಿಸಿ, ಎರಡನೆಯವನನ್ನು ಇಳಿಸಿ.

ಎರಡನೆಯವನ ಹೆಸರು ಅಲೆಕ್ಸ್ ಪಡಿಲ್ಲಾ. ಅವನ ಪರ ವಾದಿಸುವವರ ಹತ್ತಿರ ಒಂದು ಒಳ್ಳೆಯ ಅಂಕಿಯಿತ್ತು. 2021ರಲ್ಲಿ ಪೆಟ್ರಸ್ ಭುಜದ ನೋವಿನಿಂದ ಕೂತಾಗ ಪಡಿಲ್ಲಾ ಮೂರು ಪಂದ್ಯ ಆರಂಭಿಸಿದ್ದ. ಮೂರಕ್ಕೆ ಮೂರೂ ಗೆಲುವು. ಆದರೆ ಮೂರನೆಯದನ್ನು, ನೆಬ್ರಾಸ್ಕಾ ಎದುರಿನದನ್ನು, 21–6ರಿಂದ ಹಿಂದಿದ್ದಾಗ ಒಳಬಂದು ಮುಗಿಸಿದವನು ಪೆಟ್ರಸ್. ಗೆಲುವಿನ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಕ್ವಾರ್ಟರ್‌ಬ್ಯಾಕ್‌ನನ್ನು ತೂಗಲು ಕಾಲೇಜು ಆಟದಲ್ಲಿ ಹಳೆಯ ತಕ್ಕಡಿಯೊಂದಿದೆ. ಪಾಸಿನಿಂದ ಬಂದ ಗಜಗಳನ್ನು 8.4ರಿಂದ ಗುಣಿಸಬೇಕು. ಪ್ರತಿ ಟಚ್‌ಡೌನ್ ಪಾಸಿಗೆ 330, ಕೈಸೇರಿದ ಪ್ರತಿ ಪಾಸಿಗೆ 100 ಕೂಡಿಸಬೇಕು. ಎದುರಾಳಿ ಕಸಿದ ಪ್ರತಿ ಪಾಸಿಗೆ 200 ಕಳೆಯಬೇಕು. ಬಂದದ್ದನ್ನು ಎಸೆದ ಒಟ್ಟು ಪಾಸಿನಿಂದ ಭಾಗಿಸಬೇಕು. 1965ರಿಂದ 78ರವರೆಗಿನ ದೇಶದ ಸರಾಸರಿ 100 ಬರುವ ಹಾಗೆ ಈ ಸೂತ್ರವನ್ನು ಹೊಂದಿಸಿದ್ದು. ಈಗಿನ ಆಟದಲ್ಲಿ ಪಾಸ್ ಸಲೀಸಾಗಿರುವುದರಿಂದ 100 ಬಂದವನು ಜಸ್ಟ್ ಪಾಸ್ ಕೂಡ ಅಲ್ಲ. ಓಡಿದ್ದು, ಚೆಂಡಿನ ಸಮೇತ ಬಿದ್ದದ್ದು ಈ ತಕ್ಕಡಿಗೆ ಬೀಳುವುದಿಲ್ಲ. ಅದರ ಕೊರತೆ ಅದು. ಆದರೂ ಕೈಯಲ್ಲೇ ಲೆಕ್ಕ ಹಾಕಬಹುದು ಅನ್ನುವುದು ನನಗೆ ಇಷ್ಟ.

2021ರ ಇಡೀ ಋತುವನ್ನು ಇದರಲ್ಲಿಟ್ಟರೆ ಪೆಟ್ರಸ್‌ಗೆ ಸುಮಾರು 117, ಪಡಿಲ್ಲಾಗೆ ಸುಮಾರು 99. ಪಡಿಲ್ಲಾ ಎಸೆದ 112ರಲ್ಲಿ ಕೈಸೇರಿದ್ದು 55, ಅರ್ಧಕ್ಕೂ ಕಡಿಮೆ. ಮೂರೂ ಗೆದ್ದ ಹುಡುಗ ಕಾಗದದ ಮೇಲೆ ಪೆಟ್ರಸ್‌ಗಿಂತ ಕೆಳಗಿದ್ದ.

2022ರ ಅಕ್ಟೋಬರ್ 22ರಂದು ಜನರ ಆಸೆ ಈಡೇರಿತು. ಓಹಾಯೋ ಸ್ಟೇಟ್ ಎದುರು ಪೆಟ್ರಸ್ ಮೊದಲಾರ್ಧದಲ್ಲಿ 14ಕ್ಕೆ 6, 49 ಗಜ, ಎರಡು ಪಾಸ್ ಎದುರಾಳಿ ಪಾಲು. ವಿರಾಮದ ನಂತರ ಪಡಿಲ್ಲಾ ಬಂದ: 10ಕ್ಕೆ 5, 32 ಗಜ, ಒಂದು ಪಾಸ್ ಎದುರಾಳಿ ಪಾಲು. ಸೂತ್ರಕ್ಕೆ ಹಾಕಿದರೆ ಒಬ್ಬನಿಗೆ 43.7, ಇನ್ನೊಬ್ಬನಿಗೆ 56.9. ಒಂದು ಎಸೆತಕ್ಕೆ ಬಂದ ಗಜ ನೋಡಿದರೆ ಕ್ರಮವಾಗಿ 3.5 ಮತ್ತು 3.2. ಫಲಿತಾಂಶ 54–10, ಆ ಹತ್ತರಲ್ಲೂ ಇದ್ದ ಒಂದೇ ಟಚ್‌ಡೌನ್ ರಕ್ಷಣಾ ಪಡೆಯದು.

ಮುಂದಿನ ವಾರ ಕೋಚ್ ಕರ್ಕ್ ಫೆರೆಂಟ್ಸ್ ಮತ್ತೆ ಪೆಟ್ರಸ್‌ನನ್ನೇ ಇಳಿಸಿದಾಗ ಹಟಮಾರಿತನ ಅಂದವರೇ ಹೆಚ್ಚು. ನಾರ್ತ್‌ವೆಸ್ಟರ್ನ್ ಎದುರು ಪೆಟ್ರಸ್ 30ಕ್ಕೆ 21, 220 ಗಜ, ಒಂದು ಟಚ್‌ಡೌನ್ ಪಾಸ್, ಸೂತ್ರದಲ್ಲಿ 142.6. ಗೆಲುವು 33–13. ಏಳೇ ದಿನದಲ್ಲಿ 43.7ರಿಂದ 142.6ಕ್ಕೆ ಏರಲು ಹುಡುಗನ ತೋಳಿನಲ್ಲಿ ಏನೂ ಬದಲಾಗಿರಲಿಲ್ಲ. ಎದುರಾಳಿ ಬದಲಾಗಿದ್ದ. ಓಹಾಯೋ ಸ್ಟೇಟ್ ಆ ವರ್ಷ ಮುಗಿಸಿದ್ದು 11 ಗೆಲುವು, 2 ಸೋಲಿನಲ್ಲಿ. ನಾರ್ತ್‌ವೆಸ್ಟರ್ನ್ 1 ಗೆಲುವು, 11 ಸೋಲಿನಲ್ಲಿ.

ಋತುವನ್ನು ಇಲ್ಲಿಗೆ ಎರಡು ತುಂಡು ಮಾಡಿ ನೋಡಿದೆ. ಮೊದಲ ಏಳು ಪಂದ್ಯ: 98 ಅಂಕ, ಸರಾಸರಿ ಸರಿಯಾಗಿ 14, ಮೂರು ಗೆಲುವು. ಆ 98ರಲ್ಲಿ ರಕ್ಷಣಾ ಪಡೆ ತಂದ ಮೂರು ಟಚ್‌ಡೌನ್, ಎರಡು ಸೇಫ್ಟಿ ತೆಗೆದರೆ ಉಳಿಯುವುದು 73. ಏಳು ಪಂದ್ಯಕ್ಕೆ ಏಳು ಟಚ್‌ಡೌನ್, ಎಂಟು ಫೀಲ್ಡ್ ಗೋಲ್. ಕೊನೆಯ ಆರು ಪಂದ್ಯ: 132 ಅಂಕ, ಸರಾಸರಿ 22, ಐದು ಗೆಲುವು. ಒಂದೇ ಸೋಲು ನೆಬ್ರಾಸ್ಕಾ ಎದುರು. ಅಂದು ಪೆಟ್ರಸ್ ಬೇಗನೇ ಗಾಯಗೊಂಡು ಹೊರಹೋಗಿ ಉಳಿದ ಆಟವನ್ನೆಲ್ಲ ಪಡಿಲ್ಲಾ ಆಡಿದ. ಡಿಸೆಂಬರ್ 31ರ, ಋತು ಮುಗಿಸುವ ಬೋಲ್ ಪಂದ್ಯದಲ್ಲಂತೂ ಅದುವರೆಗೆ ಕಾಲೇಜು ಪಂದ್ಯದಲ್ಲಿ ಒಂದು ಪಾಸೂ ಎಸೆಯದಿದ್ದ ಜೋ ಲಾಬಸ್ ಇಳಿದ. 24ಕ್ಕೆ 14, 139 ಗಜ, ಒಂದು ಟಚ್‌ಡೌನ್. ಕೆಂಟಕಿ ಎದುರು 21–0. ಹೊಸ ಹುಡುಗ ಗೆಲ್ಲಿಸಿದ ಎಂದು ಕುಣಿದವರು ಮರೆತದ್ದು: 21ರಲ್ಲಿ 14 ಅಂಕ ರಕ್ಷಣಾ ಪಡೆ ಪಾಸ್ ಕಸಿದುಕೊಂಡು ಓಡಿ ತಂದದ್ದು.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೊಂದು ಸಾಲು. ಪೆಟ್ರಸ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದ ಮೂರು ವರ್ಷ ತಂಡ ಪಂದ್ಯಕ್ಕೆ ಗಳಿಸಿದ ಸರಾಸರಿ: 2020ರಲ್ಲಿ 31.8, 2021ರಲ್ಲಿ 23.4, 2022ರಲ್ಲಿ 17.7. ಎಸೆಯುವವನು ಅದೇ ಹುಡುಗ. ಅಂಕ 14ರಷ್ಟು ಕುಸಿದಿದೆ. ಗಾಡಿ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತ ಬಂದರೆ ಡ್ರೈವರನ್ನು ಬೈಯುವ ಮೊದಲು ಬಾನೆಟ್ ಎತ್ತಿ ನೋಡಬೇಕಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಾಕವಚವಾಗಿ ಮುಂದೆ ನಿಲ್ಲುವ ಸಾಲಿನ ನಡುಗಂಬ ಟೈಲರ್ ಲಿಂಡರ್‌ಬಾಮ್ 2021ರ ನಂತರ ವೃತ್ತಿಪರ ಲೀಗಿಗೆ ಹೋದ. ಓಟಗಾರ ಟೈಲರ್ ಗುಡ್‌ಸನ್ ಕೂಡ ಹೋದ. ಆ ಸೆಪ್ಟೆಂಬರ್ 3ರಂದು ಚೆಂಡು ಹಿಡಿಯಬೇಕಿದ್ದ ಇಬ್ಬರು ಮುಖ್ಯರು ಗಾಯದಿಂದ ಹೊರಗೆ ಕೂತಿದ್ದರು. ಆಟದ ಯೋಜನೆ ಬರೆಯುವ ಆಫೆನ್ಸಿವ್ ಕೋಆರ್ಡಿನೇಟರ್ ಮಾತ್ರ 2017ರಿಂದ ಒಬ್ಬರೇ: ಬ್ರಯಾನ್ ಫೆರೆಂಟ್ಸ್, ಮುಖ್ಯ ಕೋಚ್‌ನ ಮಗ. 2022ರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಪಾಠ ಹೇಳುವ ಹೊಣೆಯೂ ಅವರಿಗೇ ಬಂದಿತ್ತು. ಆ ವರ್ಷ ತಂಡ ಪಂದ್ಯಕ್ಕೆ ಸರಾಸರಿ 251.6 ಗಜ ಸಾಗಿ ದೇಶದ 131 ತಂಡಗಳಲ್ಲಿ 130ನೆಯದಾಯಿತು.

ಹುಡುಗನನ್ನು ಬೆಂಚಿಗೆ ಕಳಿಸಲು ಬಜೆಟ್ ಬೇಡ. ಕೋಚ್ ವಿಷಯಕ್ಕೆ ಬಂದರೆ ಕಾಸು ಮಾತಾಡುತ್ತದೆ. ಅಪ್ಪನ ಒಪ್ಪಂದ ಆಗ 2029ರವರೆಗೆ ಇತ್ತು, ವರ್ಷಕ್ಕೆ 70 ಲಕ್ಷ ಡಾಲರ್. ಮಗನ ಸಂಬಳ 9 ಲಕ್ಷ ಡಾಲರ್ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 8.5 ಲಕ್ಷಕ್ಕೆ ಇಳಿಸಿ ಒಂದು ಷರತ್ತು ಬರೆದರು: ಪಂದ್ಯಕ್ಕೆ ಸರಾಸರಿ 25 ಅಂಕ, ಕನಿಷ್ಠ 7 ಗೆಲುವು. ತಮಾಷೆ ಎಂದರೆ ರಕ್ಷಣಾ ಪಡೆ ತರುವ ಅಂಕವನ್ನೂ ಆ 25ರಲ್ಲಿ ಸೇರಿಸಿಕೊಳ್ಳಬಹುದಿತ್ತು. ಪಕ್ಕದ ಮನೆಯ ತೋಟದ ತೆಂಗಿನಕಾಯಿಯನ್ನೂ ನಮ್ಮ ಫಸಲಿನ ಲೆಕ್ಕಕ್ಕೆ ಹಾಕಿಕೊಂಡ ಹಾಗೆ.

2023ಕ್ಕೆ ಕ್ವಾರ್ಟರ್‌ಬ್ಯಾಕ್ ಕೂಡ ಹೊಸಬ. ಮಿಶಿಗನ್‌ನಿಂದ ಕೇಡ್ ಮ್ಯಾಕ್‌ನಮಾರಾ ಬಂದ. ಎರಡೂ ತಂಡ ಆಡುವ ಬಿಗ್ ಟೆನ್ ಲೀಗಿನ 2021ರ ಫೈನಲ್‌ನಲ್ಲಿ ಇದೇ ಅಯೋವಾವನ್ನು 42–3ರಿಂದ ಮಣಿಸಿದ ತಂಡದ ಕ್ವಾರ್ಟರ್‌ಬ್ಯಾಕ್. ಅಂದರೆ ಬದಲಾವಣೆಯ ಪ್ರಯೋಗ ಪೂರ್ತಿಯಾಗಿ ನಡೆಯಿತು. ಪೆನ್ ಸ್ಟೇಟ್ ಎದುರು ಮ್ಯಾಕ್‌ನಮಾರಾ 14ಕ್ಕೆ 5, 42 ಗಜ. ಇಡೀ ತಂಡ ಸಾಗಿದ್ದು 76 ಗಜ, ಸೋಲು 31–0. ಐದನೇ ಪಂದ್ಯದಲ್ಲಿ ಅವನ ಮೊಣಕಾಲು ಹೋಯಿತು. ಬಂದವನು ಡೀಕನ್ ಹಿಲ್. ಋತುವಿನಲ್ಲಿ 251ಕ್ಕೆ 122, 1,152 ಗಜ, 5 ಟಚ್‌ಡೌನ್, ಎದುರಾಳಿ ಪಾಲಾದದ್ದು 8. ಸೂತ್ರದಲ್ಲಿ 87.4.

ಮಿನೆಸೋಟಾ ಎದುರಿನ 12–10ರ ಸೋಲಿನಲ್ಲಿ ಎರಡನೇ ಅರ್ಧದ ಮೂವತ್ತು ನಿಮಿಷಕ್ಕೆ ಅಯೋವಾ ಮುಂದೆ ಸಾಗಿದ್ದು ಒಟ್ಟು 12 ಗಜ. ಅಂದರೆ 36 ಅಡಿ. ಬೆಂಗಳೂರಿನ 30x40 ಸೈಟಿನ ಗೇಟಿನಿಂದ ಹೊರಟರೆ ಹಿಂದಿನ ಕಾಂಪೌಂಡ್ ಮುಟ್ಟಲು ಇನ್ನೂ ನಾಲ್ಕು ಅಡಿ ಬಾಕಿ.

ಆ ವರ್ಷದ ನಿಜವಾದ ನಾಯಕ ಪಂಟರ್ ಟೋರಿ ಟೇಲರ್, ಆಸ್ಟ್ರೇಲಿಯಾದವನು. ನಾಲ್ಕು ಯತ್ನದಲ್ಲಿ ಹತ್ತು ಗಜ ಸಾಗಲಾಗದಿದ್ದರೆ ಚೆಂಡು ಎದುರಾಳಿಯದು. ಆದ್ದರಿಂದ ಆಸೆ ಕಳೆದುಕೊಂಡ ತಂಡ ನಾಲ್ಕನೇ ಯತ್ನದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತದೆ. ಟೇಲರ್ 93 ಸಲ ಒದ್ದ, 4,479 ಗಜ. ಒಂದೇ ಋತುವಿನ ದಾಖಲೆ, ಹಿಂದಿನದು 1938ರದು. ಅಯೋವಾದ ಪೂರ್ತಿ ಆಕ್ರಮಣ ಪಡೆ, ಓಟ ಪಾಸು ಎಲ್ಲ ಸೇರಿ, 14 ಪಂದ್ಯಕ್ಕೆ ಸರಾಸರಿ 234.6ರಂತೆ ಸಾಗಿದ್ದು ಸುಮಾರು 3,284 ಗಜ. ತಂಡ ನಡೆದದ್ದಕ್ಕಿಂತ ಒಬ್ಬನ ಕಾಲು ಒದ್ದದ್ದೇ ಸುಮಾರು ಹನ್ನೆರಡು ನೂರು ಗಜ ಹೆಚ್ಚು. ಆಕ್ರಮಣದ ಗಜದ ಪಟ್ಟಿಯಲ್ಲಿ ಅಯೋವಾಗೆ ದೇಶಕ್ಕೇ ಕೊನೆಯ ಸ್ಥಾನ.

ಮತ್ತು ಆ ತಂಡ 10 ಗೆದ್ದು 4 ಸೋತಿತು. ಇದನ್ನು ಮೊದಲು ನೋಡಿದಾಗ ಅಚ್ಚಿನ ದೋಷವೇ ಅಂದುಕೊಂಡೆ. 14 ಪಂದ್ಯದಲ್ಲಿ ಗಳಿಸಿದ್ದು 216, ಬಿಟ್ಟುಕೊಟ್ಟದ್ದು 207. ಗೆದ್ದ ಹತ್ತರಲ್ಲಿ ಗಳಿಕೆ 206, ಕೊಟ್ಟದ್ದು 103, ಸರಿಯಾಗಿ ಅರ್ಧ. ಸೋತ ನಾಲ್ಕರಲ್ಲಿ ಗಳಿಕೆ ಎಲ್ಲ ಸೇರಿ 10. ಮೂರು ಪಂದ್ಯದಲ್ಲಿ ಸೊನ್ನೆ. ಷರತ್ತಿನ ಪ್ರಕಾರ ಬೇಕಿದ್ದದ್ದು 350 ಅಂಕ, ಬಂದದ್ದು 134 ಕಮ್ಮಿ. 8.5 ಲಕ್ಷ ಡಾಲರನ್ನು 216ರಿಂದ ಭಾಗಿಸಿದರೆ ಒಂದು ಅಂಕಕ್ಕೆ 3,935 ಡಾಲರ್; ಆಗಿನ ದರದಲ್ಲಿ ಹತ್ತಿರಹತ್ತಿರ ಮೂರೂಕಾಲು ಲಕ್ಷ ರೂಪಾಯಿ. ಅಕ್ಟೋಬರ್ 30ರಂದೇ, ಋತು ಮುಗಿಯುವ ಮೊದಲೇ, ಕೋಚ್‌ನ ಮಗನಿಗೆ ಇದು ಕೊನೆಯ ವರ್ಷ ಎಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿತು.

ಕ್ವಾರ್ಟರ್‌ಬ್ಯಾಕ್ ಬದಲಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮ್ಯಾಕ್‌ನಮಾರಾ ಅಯೋವಾಗೆ ಬಂದದ್ದೇ ಅಂಥದೊಂದು ಬದಲಾವಣೆಯಿಂದ. 2022ರಲ್ಲಿ ಮಿಶಿಗನ್ ಕೋಚ್ ಜಿಮ್ ಹಾರ್ಬೋ ಮೊದಲ ಪಂದ್ಯ ಅವನಿಗೆ, ಎರಡನೆಯದು ಜೆ.ಜೆ. ಮೆಕಾರ್ಥಿಗೆ ಕೊಟ್ಟು, ಆಮೇಲೆ ಮೆಕಾರ್ಥಿಯನ್ನೇ ಉಳಿಸಿಕೊಂಡರು. ಆ ವರ್ಷ 13 ಗೆಲುವು, 1 ಸೋಲು. ಮರುವರ್ಷ 15ಕ್ಕೆ 15, ರಾಷ್ಟ್ರ ಪ್ರಶಸ್ತಿ. ಅಲ್ಲಿ ಎರಡನೆಯವನು ನಿಜಕ್ಕೂ ಮೊದಲನೆಯವನಿಗಿಂತ ಮೇಲಿದ್ದ, ಮುಂದೆ ನಿಲ್ಲುವ ಸಾಲೂ ಗಟ್ಟಿಯಿತ್ತು. ಅಯೋವಾದ ಬೆಂಚಿನಲ್ಲಿ ಅಂಥವನು ಯಾರೂ ಕೂತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನನ್ನನ್ನು ಕೇಳಿದ್ದರೆ, ಪೆಟ್ರಸ್‌ನನ್ನೇ ಬಿಟ್ಟು ಯೋಜನೆ ಬರೆಯುವ ಪೆನ್ನನ್ನು ಕಸಿದುಕೊಳ್ಳಿ ಅನ್ನುತ್ತಿದ್ದೆ. ಆ ಪೆನ್ನು ಕೈಬದಲಾಯಿಸಲು ಎರಡು ಋತು ಹಿಡಿಯಿತು.

2024ಕ್ಕೆ ಟಿಮ್ ಲೆಸ್ಟರ್ ಕೋಆರ್ಡಿನೇಟರ್ ಆಗಿ ಬಂದರು. ಸರಾಸರಿ 15.4ರಿಂದ 27.7ಕ್ಕೆ ಜಿಗಿಯಿತು. ಪಾಸ್‌ನಲ್ಲಿ ತಂಡ ಆಗಲೂ ದೇಶದ ಕೊನೆಯ ಸಾಲಿನಲ್ಲೇ ಇತ್ತು. ಋತುವಿನ ನಡುವೆ ಮ್ಯಾಕ್‌ನಮಾರಾ ಜಾಗಕ್ಕೆ ಬ್ರೆಂಡನ್ ಸಲ್ಲಿವನ್ ಬಂದ. ಅಂಕ ತಂದದ್ದು ಓಟ: ಕೇಲೆಬ್ ಜಾನ್ಸನ್ ಒಬ್ಬನೇ 1,537 ಗಜ, ಓಡಿ 21 ಟಚ್‌ಡೌನ್.

2025ಕ್ಕೆ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್, ಮಾರ್ಕ್ ಗ್ರೊನೋವ್ಸ್ಕಿ. ಹೆಸರು ಕೇಳಿ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಇವನನ್ನ ಎಲ್ಲೋ ನೋಡಿದ ಹಾಗಿದೆಯಲ್ಲೋ."

"ನೋಡಿದ್ದೀರಿ ಮಾವ. ಆ 7–3ರ ದಿನ ಕಿನ್ನಿಕ್‌ನಲ್ಲೇ ಇದ್ದ. ಮೂರರ ಕಡೆ."